ಭದ್ರಮ್ಮ ನೆಟ್ಟ ಸೊಟ್ಟ ಸಾಲು

ಹಾಗಲವಾಡಿ ದಾರಿಯ ನಮ್ಮೂರಿನಲ್ಲಿ ಭದ್ರಮ್ಮನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವಳ ಗಂಡ ಬೆಟ್ಟಸ್ವಾಮಿ ಊರ ನೀರುಗಂಟಿ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ಭದ್ರಮ್ಮ ಎಂಬತ್ತೆರಡನೇ ಇಸವಿಯಲ್ಲಿ ಅರಣ್ಯ ಇಲಾಖೆಯವರ ಕೂಲಿಗೆ ಸೇರಿದಳು. ಹೊಂಗೆ ಸಸಿ ಬೆಳೆಸಿ, ಬಿಂದಿಗೆಯಲ್ಲಿ ನೀರು ಹೊತ್ತು ಹಾಕುತ್ತಿದ್ದಳು. ಸಸಿಗೆ ಹುಳ ಬಿದ್ದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಮಕ್ಕಳಿಲ್ಲದವಳು ಅಂತ ಜನ ಏನೇನೋ ಅನ್ನುತ್ತಿದ್ದರು. ನನಗೆ ಹಾಗೆ ಕಂಡಿಲ್ಲ. ಅವಳಿಗೆ ಆ ಕೆಲಸ ಇಷ್ಟವಾಗಿತ್ತು, ಅಷ್ಟೇ.

ಅವನದು ಕೆರೆ ಇಲಾಖೆ, ಅವಳದು ಕಾಡಿನ ಇಲಾಖೆ. ಗಂಡಹೆಂಡಿರು ಊಟಕ್ಕೆ ಕೂತರೆ ಅವರ ತಮಾಷೆ ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು.

“ನಿಮ್ಮಿಲಾಖೆ ಸಾರಿಗೆ ಉಪ್ಪೇ ಇಲ್ವಲ್ಲಮ್ಮಿ.”

“ನಿಮ್ಮಿಲಾಖೆ ನೀರು ಜಾಸ್ತಿ ಬಿದ್ದೈತೆ, ಅದಕ್ಕೇ.”

ಎಂಬತ್ನಾಲ್ಕರ ಬೇಸಿಗೆಯಲ್ಲಿ ಈ ತಮಾಷೆ ನಿಂತಿತು. ಅರಣ್ಯದವರು ಗುಡ್ಡದ ಉದ್ದಕ್ಕೂ ಟ್ರೆಂಚು ತೋಡಿಸಿ, ಅದರ ಮಣ್ಣಿನ ದಿಬ್ಬದ ಮೇಲೆ ಭದ್ರಮ್ಮನ ಸಸಿಗಳನ್ನು ನೆಡಿಸಿದರು. ಗುಡ್ಡದ ನೀರು ಕೆರೆಗೆ ಇಳಿಯುವ ಹಳ್ಳಕ್ಕೆ ಆ ದಿಬ್ಬ ಅಡ್ಡ ಬಿತ್ತು. ಬೆಟ್ಟಸ್ವಾಮಿ ತುಮಕೂರಿಗೆ ಎರಡು ಸಲ ಹೋಗಿಬಂದ. ಕೆರೆಯ ಸಾಹೇಬರು ಗುಡ್ಡ ನಮ್ಮದಲ್ಲ ಅಂದರಂತೆ, ಕಾಡಿನ ಸಾಹೇಬರು ನೀರು ನಮ್ಮದಲ್ಲ ಅಂದರಂತೆ.

ದಿಬ್ಬ ಹಾಗೇ ಇದ್ದರೆ ಕೆರೆ ತುಂಬದು. ಒಡೆದರೆ ಹಳ್ಳದ ಬಾಯಲ್ಲಿದ್ದ ಹನ್ನೊಂದು ಸಸಿ ಕೊಚ್ಚಿಹೋಗುತ್ತವೆ. ಅರಣ್ಯದ ಗಾರ್ಡು ಬಂದು ಸಸಿ ಎಣಿಸಿದಾಗ ಕಡಿಮೆ ಬಂದರೆ ಭದ್ರಮ್ಮನಿಗೆ ಮುಂದಿನ ವರ್ಷ ಕೆಲಸವಿಲ್ಲ.

“ನಾಳೆ ಹಾರೆ ತಗೊಂಡೋಗಿ ಒಡೀತೀನಿ” ಅಂದ ಬೆಟ್ಟಸ್ವಾಮಿ ಒಂದು ಮಧ್ಯಾಹ್ನ.

“ಒಡೀರಿ. ಹಿಟ್ಟನ್ನೂ ಕೆರೆಯೋರ ಆಫೀಸ್ನಲ್ಲೇ ಉಣ್ಣಿ.”

ಅಂದು ಸಂಜೆ ಸಣ್ಣದೊಂದು ಮಳೆ ಬಂತು. ಬೆಳಿಗ್ಗೆ ಬೆಟ್ಟಸ್ವಾಮಿ ಹಾರೆ ಹೊತ್ತು ಗುಡ್ಡ ಹತ್ತಿದರೆ, ಭದ್ರಮ್ಮ ಆಗಲೇ ಅಲ್ಲಿದ್ದಳು. ನೀರು ನಿಂತ ಕಡೆ ಬಾಡಿದ್ದ ಸಸಿಗಳು ತಾವಾಗಿಯೇ ತಲೆ ಎತ್ತಿದ್ದನ್ನು ನೋಡುತ್ತಾ ಕೂತಿದ್ದಳಂತೆ.

“ಒಂದ್ ಗಳಿಗೆ ತಡೀರಿ. ಈ ಹನ್ನೊಂದನ್ನ ಹಳ್ಳದ ಎರಡೂ ದಡಕ್ಕೆ ಇಟ್ಬುಡ್ತೀನಿ. ಆಮ್ಯಾಕೆ ಒಡೀರಿ. ಹರಿಯೋ ನೀರು ಅವಕ್ಕೂ ಒಂದಿಷ್ಟು ಕುಡಿಸ್ಲಿ, ನಂಗೆ ಬಿಂದಿಗೆ ಹೊರೋದು ತಪ್ತದೆ.”

ಅವನು ಹಾರೆಯಿಂದ ಗುಂಡಿ ತೋಡಿಕೊಟ್ಟ. ಅವಳು ಒಂದೊಂದೇ ಸಸಿಯನ್ನು ಬೇರಿನ ಮಣ್ಣು ಉದುರದಂತೆ ಎತ್ತಿಟ್ಟಳು. ಆಮೇಲೆ ಅವನು ದಿಬ್ಬ ಒಡೆದ.

ತಿಂಗಳಾದ ಮೇಲೆ ಗಾರ್ಡು ರಾಮಾಂಜಿನಯ್ಯ ಬಂದರು. ಅಂದು ನಾನೂ ಕೂಲಿಗೆ ಹೋಗಿದ್ದೆ. ಎಣಿಸಿದರು, ಒಂದೂ ಕಡಿಮೆಯಿರಲಿಲ್ಲ. ಆದರೂ ಮುಖ ಗಂಟು.

“ಸಾಲು ಸೊಟ್ಟ ಆಗೈತಲ್ಲ ಭದ್ರಮ್ಮ. ಮ್ಯಾಪ್‌ನಲ್ಲಿ ನೆಟ್ಟಗೈತೆ.”

“ಮ್ಯಾಪ್‌ನಲ್ಲಿ ಹಳ್ಳ ಬರ್ದವ್ರಾ ಸಾಮಿ?”

ರಾಮಾಂಜಿನಯ್ಯ ಕಾಗದ ಬಿಡಿಸಿ, ಮೇಲೆ ಕೆಳಗೆ ತಿರುಗಿಸಿ ನೋಡಿದರು. ಹಳ್ಳವೇ ಇರಲಿಲ್ಲ. ಭದ್ರಮ್ಮ ಕಡ್ಡಿಯಿಂದ ನೆಲದ ಮೇಲೆ ಹಳ್ಳ ಗೀರಿ ತೋರಿಸಿದಳು. ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಮ್ಯಾಪಿನ ಮೇಲೆ ಹಾಗೆಯೇ ಸೊಟ್ಟಗೆ ಒಂದು ಗೆರೆ ಎಳೆದುಕೊಂಡರು. “ಮುಂದಿನ ವರ್ಷ ಟ್ರೆಂಚು ಹೊಡ್ಸೋ ಮೊದ್ಲು ನಿನ್ನ ಕರೀತೀನಿ ಬುಡು” ಅಂದರು.

ನವರಾತ್ರಿ ಹೊತ್ತಿಗೆ ಕೆರೆ ಮುಕ್ಕಾಲು ತುಂಬಿತು. ಒಂದು ಸಂಜೆ ಗೋಡೆಯಾಚೆ ಬೆಟ್ಟಸ್ವಾಮಿಯ ದನಿ:

“ತೂಬು ಎತ್ತಿ ಬಂದೆ ಕಣಮ್ಮಿ. ನಿಮ್ಮಿಲಾಖೆ ನೀರು ಚೆನ್ನಾಗೈತೆ.”

“ಕೆಸರು ಕಾಲು ತೊಳ್ಕೊಂಡು ಒಳಿಕ್ಕೆ ಬನ್ನಿ” ಅಂದಳು ಭದ್ರಮ್ಮ.