ಗುರುಸಿದ್ದಮ್ಮನ ಮಿಲ್ಲಿನ ಧಾರಾವಾಹಿ

ಶನಿವಾರಸಂತೆಯಲ್ಲಿ ಗುರುಸಿದ್ದಮ್ಮನ ಹಿಟ್ಟಿನ ಮಿಲ್ಲು ಓಡುತ್ತಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಅರ್ಧ ಕಳೆದುಹೋಗುತ್ತಿತ್ತು. ಅಂಥ ಜಾಗದ ಗೋಡೆಗೆ ಅವಳ ಗಂಡ ಗಂಗಣ್ಣ ಒಂದು ಟಿವಿ ತೂಗುಹಾಕಿದ್ದ. ಮೊದಲ ದಿನ ಮಿಲ್ಲಿನ ಸದ್ದನ್ನು ಸೋಲಿಸಲೆಂದು ಟಿವಿಯ ಧ್ವನಿಯನ್ನು ಪೂರ್ತಿ ಏರಿಸಿ, ತಾನೇ ಸೋತು, ಹಾಗೇ ಬಿಟ್ಟಿದ್ದ. ಟಿವಿ ಹಾಕುವುದು ಸಂತೆಯ ದಿನ ಮಾತ್ರ. ಗಿರಾಕಿ ಇಲ್ಲದ ದಿನ ಅದಕ್ಕೇಕೆ ಕರೆಂಟು ಎನ್ನುವುದು ಗುರುಸಿದ್ದಮ್ಮನ ವಾದ. ಸಂತೆಯ ದಿನವೋ ಮಿಲ್ಲು ನಿಲ್ಲುತ್ತಿರಲಿಲ್ಲ. ಕರೆಂಟು ಹೋದರೆ ಎರಡೂ ಒಟ್ಟಿಗೇ ಹೋಗುತ್ತಿದ್ದವು. ಹೀಗಾಗಿ ಆ ಟಿವಿ ಏನು ಹೇಳುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬೇಕೆಂದೂ ಯಾರಿಗೂ ಅನಿಸಿರಲಿಲ್ಲ. ಗುರುಸಿದ್ದಮ್ಮ ಹೇಳುತ್ತಿದ್ದಳಲ್ಲ.

ಮಿಲ್ಲಿನ ಸದ್ದು ಕೆಳದನಿಯ ಗುಂಯ್‌ಗುಟ್ಟುವಿಕೆ. ಗುರುಸಿದ್ದಮ್ಮನದು ತೆಳುವಾದ ಏರುದನಿ. ಒಂದಕ್ಕೊಂದು ತಾಗದೆ ಎರಡೂ ನಡೆಯುತ್ತಿದ್ದವು. ಒಂದು ಕೈ ಹಿಟ್ಟಿನ ಬಿಸಿ ನೋಡುತ್ತಿದ್ದರೆ ಅವಳ ಕಣ್ಣು ಗೋಡೆಯ ಮೇಲಿರುತ್ತಿತ್ತು.

ಹಾಡಿನ ಸ್ಪರ್ಧೆ ಬಂದರೆ, "ಮಗು ಬಾಯಿ ತೆರೆಯೋಕೆ ಮುಂಚೇನೇ ಆ ಜಡ್ಜಮ್ಮ ಕರ್ಚೀಫ್ ತೆಗೆದ್ಳು ನೋಡ್ರೇ. ಅಳೋಕೂ ಟೈಮ್ ಹಾಕ್ಕೊಟ್ಟವ್ರೆ."

ಸುದ್ದಿಯ ಚರ್ಚೆ ಬಂದರೆ, "ಪಾಪ, ಆರು ಜನಕ್ಕೂ ಒಟ್ಟಿಗೇ ಹಲ್ಲುನೋವು."

ಅಡುಗೆ ಕಾರ್ಯಕ್ರಮ ಬಂದರೆ, "ಚಿಟಿಕೆ ಅರಿಶಿನಕ್ಕೂ ಒಂದು ಗಾಜಿನ ಬಟ್ಟಲು! ಅದನ್ನೆಲ್ಲ ತೊಳೆಯೋಳನ್ನ ಒಂದ್ಸಲ ತೋರಿಸ್ಲಿ, ಆಮೇಲೆ ಅವಳ ಪಾಯಸ ನೋಡ್ತೀನಿ."

ಒಂದೇ ಮನೆಯೊಳಗೆ ಹತ್ತಾರು ಜನರನ್ನು ಕೂಡಿಹಾಕುವ ಆಟದ ಬಗ್ಗೆ ಅವಳದು ಒಂದೇ ತಕರಾರು. "ಜಗಳ ಆಡೋಕೆ ದುಡ್ಡು ಕೊಡ್ತಾರಂತೆ. ನಾನೂ ಇವ್ರೂ ಇಷ್ಟು ವರ್ಷ ಬಿಟ್ಟಿ ಆಡ್ಬಿಟ್ವಲ್ಲ!"

"ಸೋತಿದ್ದು ನಾನೇ, ನಂಗೇ ಕೊಡ್ಬೇಕು," ಎಂದು ಗಂಗಣ್ಣ ಮೋಟರಿನ ಹಿಂದಿನಿಂದ ಕೂಗುತ್ತಿದ್ದ.

ಆದರೆ ಹೆಂಗಸರು ಕಾಯುತ್ತಿದ್ದುದು ಮಧ್ಯಾಹ್ನದ ಧಾರಾವಾಹಿಗೆ. ಉಳಿದ ದಿನ ಆ ಹೊತ್ತಿಗೆ ಅವರೆಲ್ಲ ಎಸ್ಟೇಟಿನಲ್ಲೋ ಗದ್ದೆಯಲ್ಲೋ ಇರುತ್ತಿದ್ದರು. ವಾರದ ನಡುವಿನ ಕತೆಯನ್ನು ಗುರುಸಿದ್ದಮ್ಮನೂ ನೋಡುತ್ತಿರಲಿಲ್ಲ, ಆದರೆ ಹೇಳುವುದನ್ನು ಬಿಡುತ್ತಿರಲಿಲ್ಲ. ನಾಯಕಿಗೆ ಚಂದ್ರಿ ಎಂದು ಹೆಸರಿಟ್ಟವಳೂ ಅವಳೇ. ಗಂಡ 'ಸೂಟಿನವನು', ಅತ್ತೆ 'ಪದಕದವಳು'. ಚಂದ್ರಿ ಮನೆಯವರ ಕಣ್ಣು ತಪ್ಪಿಸಿ ಪೇಟೆಯಲ್ಲೊಂದು ಮೆಸ್ ನಡೆಸುತ್ತಿದ್ದಾಳೆ ಎಂಬುದು ಗುರುಸಿದ್ದಮ್ಮ ಕಟ್ಟಿದ ಕತೆ; ತೆರೆಯ ಮೇಲೆ ಅವಳು ಕಣ್ಣೀರು ಹಾಕಿದಾಗಲೆಲ್ಲ, "ಈಗಷ್ಟೇ ಈರುಳ್ಳಿ ಹೆಚ್ಚಿ ಬಂದವ್ಳೆ." ಪದಕದವಳು ಕಣ್ಣರಳಿಸಿದರೆ, "ಪದಕ ರೋಲ್ಡ್‌ಗೋಲ್ಡು ಅಂತ ಚಂದ್ರಿಗೆ ಗೊತ್ತಾಯ್ತಲ್ಲ, ಅದಕ್ಕೇ ಹೆದರಿಕೆ."

ಬಸ್‌ಸ್ಟ್ಯಾಂಡ್ ಪಕ್ಕ ಕೀರ್ತಿಕುಮಾರ್ ಎಂಬ ಹುಡುಗ ಹೊಸ ಮಿಲ್ಲು ಇಟ್ಟ ಮೇಲೆ ಈ ಕತೆಯ ಬೆಲೆ ಗುರುಸಿದ್ದಮ್ಮನಿಗೆ ಸರಿಯಾಗಿ ಅರ್ಥವಾಯಿತು. ಅವನದು ಸದ್ದಿಲ್ಲದ ಯಂತ್ರ. ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಹಿಟ್ಟು ಸಿದ್ಧ. ಆದರೂ ನಿಂಗಮ್ಮ, ದೊಡ್ಡಿ ಮೊದಲಾದವರು ಅವನ ಬಾಗಿಲು ದಾಟಿ, ತಲೆಯ ಮೇಲೆ ಡಬ್ಬ ಹೊತ್ತು ಇಲ್ಲಿಗೇ ಬರುತ್ತಿದ್ದರು. ಬರೀ ಹಿಟ್ಟಿಗಾಗಿಯೇ ಆಗಿದ್ದರೆ ಇಷ್ಟು ದೂರ ಬರಬೇಕಿರಲಿಲ್ಲ. ಕತೆ ನಿಂತರೆ ಮಿಲ್ಲೂ ನಿಂತಂತೆಯೇ.

ಒಂದು ಶನಿವಾರ ನಿಂಗಮ್ಮನ ರಾಗಿ ಬೀಳುತ್ತಿತ್ತು. ತೆರೆಯ ಮೇಲೆ ಚಂದ್ರಿ ಹಿತ್ತಾಳೆ ಚೊಂಬು ಹಿಡಿದು ಗಂಡನ ಮುಂದೆ ಬಂದಳು.

"ನೋಡ್ತಿರಿ, ಈಗ ಆ ನೀರನ್ನ ಅವನ ಮುಖಕ್ಕೆ ಎರಚಿ ಹೊರಟ್ಹೋಗ್ತಾಳೆ!"

ಫಟ್ ಎಂದಿತು. ಮಿಲ್ಲಿನ ಬೆಲ್ಟು ಹರಿದು ಮೂಲೆಗೆ ಹಾರಿತು. ಕರೆಂಟು ಮಾತ್ರ ಹೋಗಲಿಲ್ಲ. ಅಷ್ಟು ವರ್ಷ ಯಾರ ಕಿವಿಗೂ ಬೀಳದ ಟಿವಿ ಇಡೀ ಬೀದಿಗೆ ಕೇಳುವಂತೆ ಅತ್ತಿತು:

"ನಿಮ್ಮ ಪಾದವೇ ನನ್ನ ದೇವರು! ಈ ಕಾವೇರಿಯನ್ನು ಕ್ಷಮಿಸಿ!"

ಚಂದ್ರಿ ಕೂತು ಗಂಡನ ಕಾಲು ತೊಳೆಯತೊಡಗಿದಳು. ಪದಕದವಳು, "ನೀನು ಸೊಸೆಯಲ್ಲ, ನನ್ನ ಮಗಳು," ಎಂದಳು.

ಹೆಂಗಸರ ಕಣ್ಣು ಟಿವಿಯಿಂದ ಗುರುಸಿದ್ದಮ್ಮನತ್ತ ಹೊರಳಿದವು.

"ಕಾವೇರಿ ಯಾರು?" ಎಂದಳು ದೊಡ್ಡಿ. ಎಲ್ಲರಿಗಿಂತ ಹಿರಿಯಳು, ಕೇಳುವುದನ್ನು ಕೇಳಿಯೇ ಬಿಡುವವಳು.

"ಅಕ್ಕಾ, ಮೆಸ್ಸು?" ಎಂದಳು ನಿಂಗಮ್ಮ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಗುರುಸಿದ್ದಮ್ಮ ಜಗಳವಾಡಿ ಗೆಲ್ಲುತ್ತಿದ್ದಳು. ನಿಂಗಮ್ಮ ಅರ್ಧ ಬೀಸಿದ ರಾಗಿಯನ್ನು ಡಬ್ಬಕ್ಕೆ ತುಂಬಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಸಂಜೆ ಗಂಗಣ್ಣ ಹೊಸ ಬೆಲ್ಟು ಹಾಕುತ್ತಾ ಹೇಳಿದ, "ತುಟಿ ಮುಚ್ಚಿದ ಮೇಲೂ ಮಾತು ಬರ್ತಿತ್ತು, ಗಮನಿಸ್ದಾ? ಅದು ಹಿಂದೀದು ಕಣೆ. ಕನ್ನಡದ ಮಾತನ್ನ ಯಾರೋ ಎಲ್ಲೋ ಕೂತು ಅಂಟಿಸವ್ರೆ. ಅವ್ರು ಅಲ್ಲಿ ಕೂತು ಅಂಟಿಸಿದ್ರು, ನೀನು ಇಲ್ಲಿ ಕೂತು ಅಂಟಿಸ್ದೆ."

"ಸುಮ್ನಿರಿ. ಅವ್ರು ಅಂಟಿಸಿದ್ದು ಹರಿದೋಗಿಲ್ಲ," ಎಂದಳು ಗುರುಸಿದ್ದಮ್ಮ.

ಮರುದಿನದಿಂದ ಅವಳು ಮಿಲ್ಲು ನಿಲ್ಲಿಸಿ, ಕರೆಂಟಿನ ಮಾತೆತ್ತದೆ, ದಿನವೂ ಧಾರಾವಾಹಿ ನೋಡಿದಳು; ಈ ಸಲ ಕಿವಿಗೊಟ್ಟು. ಇನ್ನು ಮುಂದೆ ನಿಜವನ್ನೇ ಹೇಳಬೇಕೆಂದು ನಿಶ್ಚಯಿಸಿದಳು. ಕಾವೇರಿ ಸೋಮವಾರ ಅತ್ತಳು, ಗುರುವಾರ ಉಪವಾಸ ಮಾಡಿದಳು, ಶುಕ್ರವಾರ ಎರಡನ್ನೂ ಮಾಡಿದಳು.

ಶನಿವಾರ ಹೆಂಗಸರು ಬಂದರು, ಎಲ್ಲರೂ ಅಲ್ಲ. ನಿಂಗಮ್ಮ ಬಂದಳು, ಆದರೆ ಬಾಗಿಲಲ್ಲೇ ನಿಂತಳು. ಗುರುಸಿದ್ದಮ್ಮ ನಿಜವಾದ ಕತೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ದೊಡ್ಡಿ ಎಲೆಯಡಿಕೆಯ ಚೀಲ ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿದಳು. ಯಾರೋ ಆಕಳಿಸಿದರು.

"ನಂದು ಬೇಗ ಬೀಸ್ಕೊಡಕ್ಕ, ಬಸ್ ಹೋಗುತ್ತೆ," ಎಂದಳು ನಿಂಗಮ್ಮ.

ಆ ಮಿಲ್ಲಿನಲ್ಲಿ ಹಿಂದೆ ಯಾರೂ ಬಸ್ಸಿನ ಮಾತೆತ್ತಿರಲಿಲ್ಲ. ಗುರುಸಿದ್ದಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೋರಿಸುವುದು ಧಾರಾವಾಹಿಯ ಕುಲಧರ್ಮ. ತೆರೆಯ ಮೇಲೆ ಅದೇ ಚೊಂಬು, ಅದೇ ಪಾದ. ಈಗ ಟಿವಿಯ ಸದ್ದು ಕೇಳುತ್ತಿರಲಿಲ್ಲ, ಮಿಲ್ಲು ಓಡುತ್ತಿತ್ತು. ನಾಯಕಿ ತಲೆ ಬಗ್ಗಿಸಿ ಹಿಮ್ಮಡಿಯನ್ನೇ ದಿಟ್ಟಿಸುತ್ತಿದ್ದಳು. ಅದನ್ನು ನೋಡುನೋಡುತ್ತ ಗುರುಸಿದ್ದಮ್ಮನ ಏರುದನಿ ತಾನಾಗಿಯೇ ಮೇಲೆದ್ದಿತು.

"ಅಯ್ಯೋ! ಅವ್ಳು ಕಾಲು ತೊಳೀತಿಲ್ಲ ಕಣ್ರೇ! ಹಿಮ್ಮಡಿ ನೋಡ್ತಾವ್ಳೆ!"

"ಯಾಕೆ?" ಎಂದಳು ದೊಡ್ಡಿ.

"ಸೂಟಿನವನ ಹಿಮ್ಮಡಿ ಮೇಲೆ ಮಚ್ಚೆ ಇತ್ತು. ಇವನಿಗೆ ಇಲ್ಲ, ನೋಡಿ."

ಎಲ್ಲರೂ ನೋಡಿದರು. ನಿಜವೇ, ಮಚ್ಚೆ ಇರಲಿಲ್ಲ.

"ಹಂಗಾದ್ರೆ ಆವತ್ತು ಪಾದವೇ ದೇವರು ಅಂದಿದ್ದು?" ನಿಂಗಮ್ಮ ಬಾಗಿಲಿನಿಂದಲೇ ಕೇಳಿದಳು.

"ಅನ್ನದೇ ಇನ್ನೇನು? ಕಳ್ಳನ್ನ ಹಿಡಿಯೋಳು ಮೊದಲೇ ಕೂಗಿ ಹೇಳ್ತಾಳಾ?"

"ಮತ್ತೆ ಆ ಕಾವೇರಿ?"

"ಮೆಸ್ಸಿನ ಹೆಸರು ಕಣೇ. ಬಾಯ್ತಪ್ಪಿ ಹೇಳ್ಬಿಟ್ಳು, ಪಾಪ."

ಮೋಟರಿನ ಹಿಂದೆ ಗಂಗಣ್ಣ ಬೆಲ್ಟನ್ನು ಒಮ್ಮೆ ಮುಟ್ಟಿ, ಬಿಗಿ ನೋಡಿದ. ನಿಂಗಮ್ಮ ಒಳಗೆ ಬಂದು ಡಬ್ಬ ಕೆಳಗಿಟ್ಟು, ಅದರ ಮೇಲೇ ಕೂತಳು.

"ನಂದು ಕೊನೇಗೆ ಹಾಕಕ್ಕ," ಎಂದಳು.