ಮಂಚದ ಕಾಲಿಗೆ ಇನ್ನೊಂದು ಇಟ್ಟಿಗೆ

ಇಳಿಜಾರು ಬೀದಿಯ ಕಟ್ಟಕಡೆಯ ಮನೆ ಹೊಲಿಗೆಯಕ್ಕನದು. ಮೇಲಿನ ಮನೆಗಳವರಿಗೆ ಮಳೆಯೆಂದರೆ ತಂಪು, ಆಕೆಗೆ ಮಾತ್ರ ಮೊಣಕಾಲುದ್ದ ಕೊಚ್ಚೆ. ಚರಂಡಿ ಇರಲಿಲ್ಲವೆಂದಲ್ಲ. ಪ್ರತಿಯೊಬ್ಬರೂ ತಮ್ಮ ಬಾಗಿಲ ಮುಂದೆ ಅದರ ಮೇಲೆ ಕಲ್ಲು ಚಪ್ಪಡಿ ಹಾಸಿ, ಸಿಮೆಂಟು ಮೆತ್ತಿ, ಬೈಕು ನಿಲ್ಲಿಸಿಕೊಂಡಿದ್ದರು. ಅಡಿಯಲ್ಲಿ ಕಸ ಕಟ್ಟಿ ಗಟ್ಟಿಯಾಗಿತ್ತು. ದಾರಿ ಸಿಗದ ನೀರು ಬೀದಿಗಿಳಿದು, ಕರೆಯದ ನೆಂಟನ ಹಾಗೆ ನೆಟ್ಟಗೆ ಈಕೆಯ ಹೊಸ್ತಿಲು ದಾಟುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗೆ.

ಗಂಡ ಬಸ್ ಕಂಡಕ್ಟರ್ ಆಗಿದ್ದವನು. ನಿವೃತ್ತಿಯಾದ ಮೇಲೆ ಲಕ್ವ ಹೊಡೆದು ಬಲಗಾಲು ಸೋತಿತ್ತು, ನಾಲಗೆ ಸೋತಿರಲಿಲ್ಲ. ಒಂದು ಮಳೆಗಾಲ ಆಕೆ ಹೊಲಿದ ಬಟ್ಟೆ ತಲುಪಿಸಲು ಹೋಗಿದ್ದಾಗ ನೀರು ನುಗ್ಗಿ ಹಾಸಿಗೆ ಮುಟ್ಟಿತು. ಮರಳಿ ಬಂದಾಗ ಆತ ಒದ್ದೆಯಲ್ಲೇ ನಡುಗುತ್ತ ಮಲಗಿದ್ದ. ಆ ಮುಖವನ್ನು ಆಕೆ ಮರೆಯಲಿಲ್ಲ. ಅಂದಿನಿಂದ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಬಂತು, ವರ್ಷ ಕಳೆದಂತೆ ಇಟ್ಟಿಗೆಯ ಮೇಲೆ ಇಟ್ಟಿಗೆ ಏರಿತು.

"ಏನೇ, ನನ್ನನ್ನ ಡಬಲ್ ಡೆಕ್ಕರ್ ಹತ್ತಿಸಿಬಿಟ್ಟೆಯಲ್ಲ!" ಎಂದು ಆತ ನಗುತ್ತಿದ್ದ. ಕಿಟಕಿಯ ಸರಳು ಹಿಡಿದು, ಎಡಗಾಲು ಇಳಿಬಿಟ್ಟು, ನೆಲ ಸಿಕ್ಕ ಮೇಲೆ ಮೈಭಾರ ಬಿಡುವುದನ್ನು ಹಟ ಹಿಡಿದು ಕಲಿತಿದ್ದ. ಬಾಗಿಲತನಕ ತಾನೇ ನಡೆದು ಬಂದ ದಿನ ಆತನ ಗತ್ತು ನೋಡಬೇಕಿತ್ತು.

ಅವನನ್ನು ಇನ್ನೊಮ್ಮೆ ನೀರಲ್ಲಿ ಮಲಗಿಸಬಾರದು, ಹೊಲಿಗೆಯಕ್ಕನಿಗೆ ಬೇಕಿದ್ದದ್ದು ಅಷ್ಟೇ. ಚರಂಡಿಯ ಎಂಜಿನಿಯರ್ ಹಿಂದೆ ಚಪ್ಪಲಿ ಸವೆಸಿದಳು. ಕೊನೆಗೆ ಆತ ಹೇಳಿದ: "ಅಗಲ ಮಾಡಿ ಹೊಸದಾಗಿ ಕಟ್ಟಿಕೊಡ್ತೀವಮ್ಮ. ಆದರೆ ಚಪ್ಪಡಿ ಎಲ್ಲಾ ಏಳಬೇಕು. ಒಂದು ಮನೆಯವರು ಅಡ್ಡ ನಿಂತರೂ ಕೆಲಸ ಆಗಲ್ಲ."

ಆಕೆ ಮನೆಮನೆಗೂ ಹೋದಳು. ಎಲ್ಲರದೂ ಒಂದೇ ರಾಗ, "ಪಕ್ಕದವರು ತೆಗೀಲಿ, ಆಮೇಲೆ ನಾವು." ಎಲ್ಲರಿಗಿಂತ ಮೇಲಿದ್ದ ಮೇಷ್ಟ್ರ ಮನೆಯಲ್ಲಿ ಮಗಳ ಮದುವೆ. ಬಟ್ಟೆಯೆಲ್ಲ ಹೊಲಿಗೆಗೆ ಬಂದದ್ದು ಈಕೆಯ ಹತ್ತಿರ. ಮೇಷ್ಟ್ರು ಕೇಳಲು ಬಂದಾಗ ಆಕೆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು.

"ಚಪ್ಪಡಿ ಏಳೋವರೆಗೂ ಕೊಡಲ್ಲ ಮೇಷ್ಟ್ರೇ."

"ಇದೇನಮ್ಮ, ಮದುವೆ ಇಟ್ಕೊಂಡಿರೋರ ಹತ್ರ ಹೀಗೆ ಆಡೋದಾ?"

"ಮಳೆ ಬಂದರೆ ನಮ್ಮನೆಯವರು ನೀರಲ್ಲಿ ಮಲಗ್ತಾರೆ ಮೇಷ್ಟ್ರೇ."

ಮೇಷ್ಟ್ರು ಮಂಚದ ಕಡೆ ನೋಡಿದರು, ಇಟ್ಟಿಗೆ ನೋಡಿದರು. "ಮೊದಲು ನಂದೇ ಒಡೀಲಿ ಬಿಡು" ಎಂದರು. ಅವರೇ ಒಪ್ಪಿದ ಮೇಲೆ ಉಳಿದವರು ಯಾವ ಮುಖ ಇಟ್ಟುಕೊಂಡು ಬೇಡವೆಂದಾರು?

ಕೆಲಸ ಶುರುವಾಗುವ ಬೆಳಗ್ಗೆ ಮೋಡ ಕವಿದಿತ್ತು. ಚರಂಡಿ ಅಗೆದಿಟ್ಟಾಗಲೇ ಮಳೆ ಸುರಿದರೆ ಮಣ್ಣುನೀರೆಲ್ಲ ತನ್ನ ಮನೆಗೇ ಎಂದು ಆಕೆಗೆ ದಿಗಿಲು. ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಹಾಲಿನವನನ್ನು ಕರೆದು ಮಂಚ ಎತ್ತಿಸಿ, ಒಂದೊಂದು ಕಾಲಿಗೂ ಇನ್ನೊಂದು ಇಟ್ಟಿಗೆ ಕೊಟ್ಟಳು. ಆಮೇಲೆ ಇಬ್ಬರೂ ಸೇರಿ ಆತನನ್ನು ಮೇಲೆ ಮಲಗಿಸಿದರು.

"ರೀ, ನಾನು ಬರೋವರೆಗೂ ಇಳೀಬೇಡಿ. ಇವತ್ತು ಎತ್ತರ ಆಗಿದೆ."

"ಬಸ್ ನಿಲ್ಲೋಕೆ ಮುಂಚೆ ಇಳಿಯೋರನ್ನ ಜನ್ಮವಿಡೀ ಬೈದೋನು ಕಣೇ ನಾನು. ನೀನು ಹೋಗು."

ಮೇಷ್ಟ್ರ ಚಪ್ಪಡಿಗೆ ಸುತ್ತಿಗೆ ಬಿತ್ತು. ಕಲ್ಲು ಎರಡಾದಾಗ ಬೀದಿಯವರು ಚಪ್ಪಾಳೆ ತಟ್ಟಿದರು, ಹೊಲಿಗೆಯಕ್ಕ ಬಾಯ್ತುಂಬ ನಕ್ಕಳು. ಆ ಸದ್ದು ಕೆಳಗಿನ ಮನೆಗೂ ಕೇಳಿತು. ಹೆಂಡತಿಯ ಗೆಲುವನ್ನು ಕಣ್ಣಾರೆ ನೋಡುವ ಆಸೆ ಆತನಿಗೆ. ಸರಳು ಹಿಡಿದ, ಎಡಗಾಲು ಇಳಿಬಿಟ್ಟ. ಎತ್ತರವಾಗಿದೆಯೆಂದು ಕಿವಿ ಕೇಳಿತ್ತು, ಕಾಲಿಗೆ ಮಾತ್ರ ಹಳೆಯ ಲೆಕ್ಕವೇ ರೂಢಿ. ನೆಲ ಇರಬೇಕಾದಲ್ಲಿ ಇರಲಿಲ್ಲ.

ಹಾಲಿನವನ ಕೂಗಿಗೆ ಆಕೆ ಓಡಿ ಬಂದಾಗ ಆತ ಮಂಚದ ಪಕ್ಕ ಮುದುಡಿ ಬಿದ್ದಿದ್ದ. ಆ ನೋವಲ್ಲೂ ನಗಲು ನೋಡಿದ.

"ಸ್ಟಾಪ್ ಬಂತು ಅಂದ್ಕೊಂಡೆ ಕಣೇ."

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿತು, ಜ್ವರ ಏರಿತು. ಆತ ಮನೆಗೆ ಮರಳಲಿಲ್ಲ. ಚರಂಡಿ ಆಗಿನ್ನೂ ಅರ್ಧ ಬೀದಿಗೆ ಬಂದಿತ್ತು. "ಆಯಸ್ಸು ಅಷ್ಟೇ ಇತ್ತು" ಎಂದು ಜನ ಸಮಾಧಾನ ಹೇಳಿದರು. ಆಕೆ ತಲೆಯಾಡಿಸಿದಳು, ಒಪ್ಪಲಿಲ್ಲ. ಇಟ್ಟಿಗೆ ಇಟ್ಟದ್ದು ಈ ಕೈಯೇ ಅಲ್ಲವೆ?

ಚರಂಡಿ ಮುಗಿದ ಮೇಲೆ ಮೊದಲ ದೊಡ್ಡ ಮಳೆ ಹಾಡಹಗಲೇ ಸುರಿಯಿತು. ಬೀದಿಯವರೆಲ್ಲ ಕೊಡೆ ಹಿಡಿದು ಹೊರಗೆ ಬಂದರು. ಹೊಸ ಚರಂಡಿಯಲ್ಲಿ ನೀರು ಭೋರೆಂದು ಇಳಿದು ಹೋಗುತ್ತಿತ್ತು.

"ನೋಡಮ್ಮ, ಬೀದಿಗೆ ಒಂದು ಹನಿ ಉಕ್ಕಿಲ್ಲ. ಎಲ್ಲಾ ನಿನ್ನ ಪುಣ್ಯ" ಎಂದರು ಮೇಷ್ಟ್ರು.

ಆಕೆ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. ಮಂಚ ಇನ್ನೂ ಇಟ್ಟಿಗೆಗಳ ಮೇಲೆಯೇ ಇತ್ತು. ಇಳಿಸಿಕೊಡುತ್ತೇನೆಂದು ಹಾಲಿನವನು ಕೇಳಿದಾಗೆಲ್ಲ ಬೇಡವೆಂದಿದ್ದಳು. ಅದರ ಪಕ್ಕದಲ್ಲಿ, ಆತ ಬಿದ್ದ ಜಾಗದಲ್ಲಿ ಕುಳಿತಳು. ನೆಲ ಒಣಗಿತ್ತು, ಬೆಚ್ಚಗಿತ್ತು. ಇಷ್ಟು ವರ್ಷ ನೀರು ದಾಟದಿರಲಿ ಎಂದು ಬೇಡಿಕೊಂಡ ಹೊಸ್ತಿಲನ್ನೇ ನೋಡುತ್ತ, ಅಳು ತಡೆಯಲಾಗದೆ ಪಿಸುಗುಟ್ಟಿದಳು.

"ಇದೊಂದ್ಸಲ ಒಳಗೆ ಬಾ. ಆ ಕೊನೇ ಇಟ್ಟಿಗೆ ಮುಟ್ಟೋವರೆಗಾದ್ರೂ ಬಾ. ಅದು ಬೇಕಿತ್ತು ಅಂತ ಆಗ್ಲಿ."

ನೀರು ಹೊರಗಿನಿಂದಲೇ ಹರಿದು ಹೋಯಿತು.