ಓಡಿಹೋದವರ ಜೊತೆ ನಡೆಯುವ ಕೆಲಸ

ಡೆಸ್ಬಾ ಚಿಕ್ಕಮ್ಮ ಶಾಲೆಯಲ್ಲಿದ್ದದ್ದು ಒಟ್ಟು ಹದಿನಾಲ್ಕು ತಿಂಗಳು. ಅಷ್ಟರಲ್ಲೇ ಮೂರು ಸಲ ಓಡಿಹೋಗಿದ್ದಳು. ಏಳು ವರ್ಷದವಳಿದ್ದಾಗ ಬಿಳಿಯರ ಸರ್ಕಾರದ ಲಾರಿಯವರು ಅವಳನ್ನು ಕುರಿಮಂದೆಯ ನಡುವಿನಿಂದಲೇ ಎತ್ತಿಕೊಂಡು ಹೋಗಿದ್ದರಂತೆ. ಹಾಸ್ಟೆಲಿನಲ್ಲಿ ಕೂದಲು ಕತ್ತರಿಸಿದರು. ನಮ್ಮ ಭಾಷೆ ನವಾಹೊ ಮಾತಾಡಿದ್ದಕ್ಕೆ ಬಾಯಿಗೆ ಸೋಪು ಹಾಕಿ ತೊಳೆದರು. ಮೂರನೆಯ ಸಲ ಎರಡು ಹಗಲು ನಡೆದು, ಮನೆಯ ಹೊಗೆ ಕಾಣುವಷ್ಟು ಹತ್ತಿರ ಬಂದಿದ್ದಳು. ಆಗ ಹಾಸ್ಟೆಲ್ ಕಾವಲುಗಾರ ಹೋಸ್ಕಿ ಲಾಪಾಹಿ ಕುದುರೆಯ ಮೇಲೆ ಬಂದು ಹಿಡಿದ. ಅವನೂ ನಮ್ಮವನೇ, ಆಗ ಹತ್ತೊಂಬತ್ತು ವರ್ಷ. ಅವಳ ಸೊಂಟಕ್ಕೆ ಹಗ್ಗ ಕಟ್ಟಿ ಕುದುರೆಯ ಹಿಂದೆ ನಡೆಸಿಕೊಂಡು ಹೋದ. ಆ ಚಳಿಗಾಲ ಅವಳಿಗೆ ಎದೆಕೆಮ್ಮು ಹಿಡಿಯಿತು. ಇನ್ನು ಉಳಿಯುವುದಿಲ್ಲವೆಂದು ಮನೆಗೆ ಕಳಿಸಿಬಿಟ್ಟರು. ಉಳಿದಳು. ಮತ್ತೆ ಯಾರೂ ಕೇಳಿಕೊಂಡು ಬರಲಿಲ್ಲ.

ನಲವತ್ತು ವರ್ಷದ ಮೇಲೆ, 1970ರಲ್ಲಿ, ಅದೇ ಶಾಲೆಗೆ ಊರಿನವರದೇ ಒಂದು ಮಂಡಳಿ ಆಗಲಿ ಎಂದು ಮೇಲಿನ ಕಚೇರಿಯಿಂದ ಕಾಗದ ಬಂತು. ಕೈಯೆತ್ತಿ ಐವರನ್ನು ಆರಿಸಿದೆವು. ನಾಲ್ವರಿಗೆ ಓದುಬರಹ ಬಾರದು. ಹೆಚ್ಚು ಕೈಗಳೆದ್ದದ್ದು ಚಿಕ್ಕಮ್ಮನಿಗೆ. ಹಾಗಾಗಿ ಅವಳೇ ಅಧ್ಯಕ್ಷೆ. ನಾನು ಶಾಲೆಯ ಟೈಪಿಸ್ಟು. ಇಂಗ್ಲಿಷು ಬರುತ್ತದೆಂದು ಭಾಷಾಂತರದ ಕೆಲಸವೂ ನನ್ನ ತಲೆಗೆ ಬಿತ್ತು.

ಮೊದಲ ಸಭೆಗೆ ಕಚೇರಿಯ ಅಧಿಕಾರಿ ವಿಟಾಕರ್ ಬಂದರು. "ಇದು ಸಲಹಾ ಮಂಡಳಿ. ನೀವು ಹೇಳಿ, ನಾವು ಕೇಳ್ತೀವಿ. ತೀರ್ಮಾನ ಮಾತ್ರ ಕಚೇರಿದು," ಎಂದರು.

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. "ಸಲಹೆ ಅಂದ್ರೇನೇ?"

"ನೀನು ಹೇಳ್ತೀಯ, ಅವರು ತಲೆ ಆಡಿಸ್ತಾರೆ, ಆಮೇಲೆ ತಮಗೆ ಬೇಕಾದ್ದು ಮಾಡ್ತಾರೆ."

"ಓ, ನನ್ನ ಗಂಡನ ಹಂಗೆ!"

ಕೋಣೆಯೆಲ್ಲ ನಕ್ಕಿತು. ಹಿಂದಿನ ಬೆಂಚಿನಲ್ಲಿದ್ದ ಅವಳ ಗಂಡನೂ ನಕ್ಕ. ನಗು ಅಡಗಿದ ಮೇಲೆ ಅವಳು ಎದ್ದು ಕಂಬಳಿ ಹೊದ್ದಳು. "ಕುರಿ ನೀರಿಗೆ ಹೊಡೀಬೇಕು. ತೀರ್ಮಾನ ನಮ್ಮದು ಅಂತ ಆ ಕಾಗದ ಬದಲಾದ ದಿನ ಕರೀರಿ," ಎಂದು ಹೊರಟೇಬಿಟ್ಟಳು. ಉಳಿದ ನಾಲ್ವರೂ, ನೋಡಲು ಬಂದಿದ್ದವರೂ ಹಿಂದೆಯೇ ಹೋದರು. ಆರುತ್ತಿದ್ದ ಕಾಫಿ ಲೋಟಗಳ ಮುಂದೆ ಉಳಿದವರು ವಿಟಾಕರ್ ಮತ್ತು ನಾನು.

ಮನುಷ್ಯ ಕೆಟ್ಟವರಲ್ಲ. ಮತ್ತೆ ಮತ್ತೆ ಬಂದರು. ಕಾಗದ ಬದಲಾಗಿಲ್ಲವೆಂದು ತಿಳಿದ ಕೂಡಲೇ ಐವರೂ ಎದ್ದು ಹೊರಡುವರು. ಒಂದು ದಿನ ಅವರೇ ಕುರಿದೊಡ್ಡಿಯ ತನಕ ಹೋಗಿ, ಚಿಕ್ಕಮ್ಮನ ಜೊತೆ ಕುರಿಮಾಂಸದ ಸಾರು ಉಂಡು ಬಂದರು. ಅಲ್ಲಿ ಏನು ಮಾತಾಯಿತೋ, ಭಾಷಾಂತರಕ್ಕೆ ನಾನಂತೂ ಇರಲಿಲ್ಲ. ವಸಂತದಲ್ಲಿ ಹೊಸ ಕಾಗದ ಬಂತು. ಹೆಡ್ಮಾಸ್ತರರಿಂದ ಹಿಡಿದು ಅಡುಗೆಯವರ ತನಕ, ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಬಿಡಿಸುವುದು ಎಲ್ಲ ಮಂಡಳಿಗೇ ಸೇರಿದ್ದು. ಸಭೆಯಲ್ಲಿ ನಾನು ಓದಿ ಹೇಳಿದೆ. ಆ ಸಾಲನ್ನು ಚಿಕ್ಕಮ್ಮ ಎರಡು ಸಲ ಓದಿಸಿದಳು.

ಮುಂದಿನ ಸಭೆಯಲ್ಲಿ ಹಾಸ್ಟೆಲ್ ನೌಕರರ ಸರದಿ. ಹೋಸ್ಕಿ ಇನ್ನೂ ಅಲ್ಲೇ ಕಾವಲುಗಾರ, ಐವತ್ತೊಂಬತ್ತರ ಮುದುಕ. ಹಗ್ಗದ ಕಥೆ ಊರಿಗೆಲ್ಲ ಗೊತ್ತು. ನಿಲ್ಲಲು ಜಾಗವಿಲ್ಲದಷ್ಟು ಜನ ಸೇರಿದ್ದರು.

"ಕೂತ್ಕೋ ಅಣ್ಣ," ಎಂದಳು ಚಿಕ್ಕಮ್ಮ.

ಅವನು ಕೂರಲಿಲ್ಲ. "ನೀನೇನು ಹೇಳ್ತೀಯೋ ಗೊತ್ತು, ಡೆಸ್ಬಾ. ರೂಮಿನ ಸಾಮಾನೆಲ್ಲ ಕಟ್ಟಿಟ್ಟೇ ಬಂದಿದೀನಿ."

"ಆ ಹಗ್ಗ ಯಾರು ಕೊಟ್ಟಿದ್ದು?"

"ಕಚೇರಿಯೋರು. ತಪ್ಪಿಸ್ಕೊಂಡ ಮಕ್ಕಳನ್ನ ಹಿಡ್ಕೊಂಡು ಬಾ ಅಂತ ಮೇಲಿಂದ ಹುಕುಂ ಇತ್ತು." ಸ್ವಲ್ಪ ತಡೆದು ಹೇಳಿದ: "ಗಂಟು ಹಾಕಿದ್ದು ಮಾತ್ರ ನಾನೇ."

ಚಿಕ್ಕಮ್ಮ ಕುರ್ಚಿಯನ್ನು ಅವನ ಕಡೆ ಎಳೆದುಕೊಂಡಳು.

"ಸರಿ, ಈಗ ಹುಕುಂ ನಮ್ಮದು. ಕೇಳು. ಓಡಿಹೋಗೋ ಮಗೂನ ಹಿಡೀಬೇಡ. ಜೊತೇಲಿ ನಡಿ, ಮನೆ ತನಕ. ಅವ್ವ ಕೊಟ್ಟ ಕಾಫಿ ಕುಡಿ. ಮಗು ಹೋಗೋಣ ಅಂದ ದಿನ ಇಬ್ರೂ ವಾಪಸ್ ಬನ್ನಿ. ದಾರೀಲಿ ಅದು ಏನೇನು ಹೇಳ್ತೋ ತಿಂಗಳಿಗೊಂದ್ಸಲ ಬಂದು ಇಲ್ಲಿ ಹೇಳು. ಕುದುರೆ ಇಲ್ಲ, ನಡ್ಕೊಂಡೇ."

"ಹಂಗಾದ್ರೆ ಎಲ್ಲಾ ಮಕ್ಕಳೂ ಓಡಿಹೋಗ್ತವಲ್ಲಮ್ಮ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಹೋಗ್ಲಿ. ನಮ್ಮ ಶಾಲೆ ಹೆಂಗಿದೆ ಅಂತ ನಮಗೂ ಗೊತ್ತಾಗ್ಲಿ."

ನನಗೆ ಭಾಷಾಂತರವೇ ಮರೆತುಹೋಗಿತ್ತು. ಪಕ್ಕದಲ್ಲಿದ್ದ ವಿಟಾಕರ್ ಮೊಣಕೈ ತಟ್ಟಿ ಕೇಳಿದಾಗ ಹೇಳಿದೆ. ಬರೆದುಕೊಳ್ಳಲು ಪೆನ್ನು ಎತ್ತಿದವರು ಹಾಗೇ ಕೆಳಗಿಟ್ಟು, "ಇನ್ನೊಂದು ಸಲ ಹೇಳಿ," ಎಂದರು. ಎರಡನೆಯ ಸಲ ಮೆಲ್ಲಗೆ, ಒಂದೊಂದೇ ಮಾತಾಗಿ ಹೇಳಿದೆ. ನಾನು ಓದಿದವಳು. ನನ್ನ ಕೈಗೆ ಆ ಅಧಿಕಾರ ಬಂದಿದ್ದರೆ ಹೋಸ್ಕಿಯನ್ನು ಅವತ್ತೇ ಓಡಿಸಿರುತ್ತಿದ್ದೆ.

ಮುಂದೊಮ್ಮೆ ಕೇಳಿದೆ: "ಅವನ ಮೇಲೆ ಸಿಟ್ಟಿಲ್ವಾ ನಿಂಗೆ?"

"ಇಲ್ದೆ ಏನು? ಅದಕ್ಕೇ ಕುದುರೆ ಬೇಡ ಅಂದಿದ್ದು," ಎಂದು ನಕ್ಕಳು.

ನವೆಂಬರಿನ ಮೊದಲ ಹಿಮ ಬಿದ್ದ ಬೆಳಿಗ್ಗೆ ನನಾಬಾ ಎಂಬ ಆರು ವರ್ಷದ ಹುಡುಗಿ ತಿಂಡಿ ತಿಂದು ಹೊರಟಳು. ಕಿಟಕಿಯಿಂದ ನೋಡಿದೆ: ಮುಂದೆ ಕೆಂಪು ಕೋಟು, ಹತ್ತು ಹೆಜ್ಜೆ ಹಿಂದೆ ಹೋಸ್ಕಿ. ಅವಳ ಮನೆಗೆ ಹನ್ನೊಂದು ಮೈಲಿ. ನಾಲ್ಕು ದಿನ ಅವಳ ತಾಯಿಗೆ ಸೌದೆ ಒಡೆದುಕೊಟ್ಟು ಅಲ್ಲೇ ಇದ್ದ. ಐದನೆಯ ದಿನ ಇಬ್ಬರೂ ಬಂದರು. ಈಗ ಹುಡುಗಿಯೇ ಅವನ ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದಳು. ಆ ಚಳಿಗಾಲ ಹೋಸ್ಕಿಯ ಎರಡು ಜೊತೆ ಬೂಟು ಸವೆದವು.

ತಿಂಗಳ ಸಭೆಯಲ್ಲಿ ಅವನು ಎದ್ದು ನಿಂತು ಹೇಳುವನು: "ಊಟಕ್ಕಲ್ಲ ಅಳೋದು. ಮಲಗೋವಾಗ ಕಥೆ ಹೇಳೋರಿಲ್ಲ ಅಂತ ಅಳ್ತವೆ." ಮಂಡಳಿ ತಾಯಂದಿರನ್ನೇ ಸರದಿಯ ಮೇಲೆ ಹಾಸ್ಟೆಲಿನಲ್ಲಿ ಇರಿಸಿತು. ಇನ್ನೊಂದು ತಿಂಗಳು: "ಮೇಷ್ಟ್ರು ಹೇಳೋದು ಅರ್ಥ ಆಗಲ್ವಂತೆ." ಮೊದಲೆರಡು ವರ್ಷದ ಪಾಠ ನವಾಹೊದಲ್ಲೇ ಆಯಿತು. ಅವನಿಗೆ ನಡೆಯುವ ಕೆಲಸ ಬರಬರುತ್ತ ಕಡಿಮೆಯಾಯಿತು.

ಚಿಕ್ಕಮ್ಮ ಹನ್ನೊಂದು ವರ್ಷ ಅಧ್ಯಕ್ಷೆಯಾಗಿದ್ದಳು. ಅದರ ನಡುವೆ ವಿಟಾಕರ್ ನಿವೃತ್ತರಾದ ಮೇಲೆ ಹೊಸ ಅಧಿಕಾರಿಯಿಂದ ಒಂದು ಸುತ್ತೋಲೆ ಬಂತು: ಯಾವ ಶಾಲೆಯಲ್ಲೇ ಆಗಲಿ ಮಗು ಕಾಣೆಯಾದರೆ ಒಂದು ಗಂಟೆಯೊಳಗೆ ನಮೂನೆ ತುಂಬಿ, ಮಗು ಎಲ್ಲಿದೆ, ಏನು ಕ್ರಮ ಕೈಗೊಳ್ಳಲಾಗಿದೆ ಎಂದು ತಿಳಿಸಬೇಕು.

ಮುಂದೆ ಒಂದು ಮಗು ಹೊರಟ ದಿನ ಚಿಕ್ಕಮ್ಮ ಆ ನಮೂನೆಯ ಮೇಲೆ ಒಂದೇ ಸಾಲು ಹೇಳಿ ಟೈಪು ಮಾಡಿಸಿದಳು: "ದಾರಿಯಲ್ಲಿದೆ, ಹೋಸ್ಕಿ ಜೊತೆಗಿದ್ದಾನೆ."